ಅವ್ವ ಬಸ್ಸಾರಿನ ಕಟ್ಟು ಚೆಲ್ಲಿದ ದಿನ

ಬಸ್ಸಾರು ಮಾಡುವವರಿಗೆ ಗೊತ್ತು, ಅದರ ಜೀವ ಇರುವುದೇ ಕಟ್ಟಿನಲ್ಲಿ. ಕಾಳು, ಸೊಪ್ಪು ಬೇಯಿಸಿ ಬಸಿಯಬೇಕು. ಕಾಳು ಸೊಪ್ಪು ಪಲ್ಯಕ್ಕೆ, ಬಸಿದ ನೀರು, ಅಂದರೆ ಕಟ್ಟು, ಸಾರಿಗೆ. ನಮ್ಮ ಅವ್ವ ಮದುವೆಯಾಗಿ ಬಂದಾಗಿನಿಂದ ವಾರಕ್ಕೆ ಎರಡು ಸಲವಾದರೂ ಇದನ್ನು ಮಾಡಿದ್ದಾಳೆ. 2023ರ ದಸರಾ ರಜೆಯಲ್ಲಿ ಊರಿಗೆ ಹೋಗಿದ್ದೆ. ಹೆಸರುಕಾಳು, ದಂಟಿನ ಸೊಪ್ಪು ಬೆಂದಿತ್ತು. ಅವ್ವ ಪಾತ್ರೆ ಬಗ್ಗಿಸಿ ಬಸಿದಳು. ಕಟ್ಟು ಹಿಡಿದ ಪಾತ್ರೆಯನ್ನು ನೇರವಾಗಿ ಬಚ್ಚಲಿಗೆ ಒಯ್ದು ಸುರಿದುಬಿಟ್ಟಳು. ವಾಪಸ್ ಬಂದು ಒಲೆ ಮುಂದೆ ಖಾಲಿ ಪಾತ್ರೆ ಹಿಡಿದು ನಿಂತಳು. ರುಬ್ಬಿದ ಖಾರ ಪಕ್ಕದಲ್ಲೇ ಇತ್ತು. ಅದನ್ನು ನೋಡಿದಳು, ಪಾತ್ರೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಇದಕ್ಕೆ ಏನು ಹಾಕ್ಬೇಕಿತ್ತು ಮಗಾ?"

ನನ್ನ ಕೈಕಾಲು ತಣ್ಣಗಾದವು. ಅವ್ವನಿಗೆ ಆಗ ಎಪ್ಪತ್ತಮೂರು ವರ್ಷ.

ಅದಕ್ಕೆ ಮೊದಲೇ ಸಣ್ಣಪುಟ್ಟದ್ದು ಕಂಡಿತ್ತು. ಬೆಳಿಗ್ಗೆ ಫೋನ್ ಮಾಡಿ ಹಸು ಗಬ್ಬ ಆಗಿದೆ ಅಂತ ಹೇಳುತ್ತಿದ್ದಳು. ಹತ್ತು ನಿಮಿಷಕ್ಕೆ ಮತ್ತೆ ಫೋನು, ಮತ್ತೆ ಅದೇ ಸುದ್ದಿ, ಅದೇ ಖುಷಿ. ಮೊದಲೆಲ್ಲ ಡೈರಿ ಬಟವಾಡೆ ದಿನ ಲೆಕ್ಕದಲ್ಲಿ ಐದು ರೂಪಾಯಿ ಹೆಚ್ಚುಕಡಿಮೆ ಆದರೂ ಹಿಡಿಯುತ್ತಿದ್ದವಳು. ಓದಿದ್ದು ನಾಲ್ಕನೇ ಕ್ಲಾಸು, ಆದರೆ ಲೆಕ್ಕ ಅಂದರೆ ಲೆಕ್ಕ. ಈಗ ಪಾಸ್‌ಬುಕ್ಕನ್ನು ತಮ್ಮನ ಕೈಗೆ ಕೊಟ್ಟು "ನೀನೇ ನೋಡ್ಕೊ" ಅನ್ನುತ್ತಿದ್ದಳು. ವಯಸ್ಸಾಯಿತು, ಜವಾಬ್ದಾರಿ ಬಿಡುತ್ತಿದ್ದಾಳೆ ಅಂದುಕೊಂಡಿದ್ದೆವು. ಲೆಕ್ಕ ಕೂಡುತ್ತಿಲ್ಲ ಅನ್ನುವುದನ್ನು ಅವಳು ಮುಚ್ಚಿಡುತ್ತಿದ್ದಳು ಅಂತ ನಮಗೆ ಹೊಳೆಯಲೇ ಇಲ್ಲ.

ತಮ್ಮನಿಗೆ ಹೇಳಿದರೆ "ಅರವತ್ತಕ್ಕೆ ಅರಳು ಮರಳು ಅಲ್ವಾ ಅಕ್ಕ, ಎಲ್ಲರಿಗೂ ಬರೋದೇ" ಅಂದ. ಊರಿನ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳಿ ಒಂದು ಟಾನಿಕ್ ಬರೆದುಕೊಟ್ಟರು. ಈ ಗಾದೆ ನಮ್ಮ ಮನೆಯಲ್ಲಿ ಒಂದು ವರ್ಷವನ್ನಾದರೂ ತಿಂದಿದೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರನ್ನು ಪರೀಕ್ಷೆ ಮಾಡಿದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನ ಪ್ರಕಾರ ಅವರಲ್ಲಿ ಡಿಮೆನ್ಷಿಯಾ, ಅಂದರೆ ದಿನದ ಕೆಲಸಕ್ಕೇ ಅಡ್ಡಿಯಾಗುವಷ್ಟು ನೆನಪು, ಬುದ್ಧಿ ಕುಗ್ಗುವ ಕಾಯಿಲೆ, ಇರುವವರು ನೂರಕ್ಕೆ 7.4. ಒಟ್ಟು ಸುಮಾರು 88 ಲಕ್ಷ ಜನ. ತುಂಬಾ ದೊಡ್ಡ ಸಂಖ್ಯೆ, ನಿಜ. ಆದರೆ ಅದನ್ನೇ ತಿರುಗಿಸಿ ನೋಡಿ, ನೂರಕ್ಕೆ ತೊಂಬತ್ತೆರಡು ಮಂದಿಗೆ ಅದಿಲ್ಲ. ಹಾಗಾದರೆ ಎಲ್ಲರಿಗೂ ಬರೋದೇ ಅನ್ನುವ ಮಾತು ಎಲ್ಲಿಂದ ಬಂತು? ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ವಯಸ್ಸಿನ ಮರೆವು. ಐವತ್ತು ವರ್ಷ ಮಾಡಿದ ಅಡುಗೆಯ ಮುಂದಿನ ಹೆಜ್ಜೆ ತಿಳಿಯದೆ ನಿಲ್ಲುವುದು ಬೇರೆಯದೇ.

ಅವ್ವನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆ. ಕಣ್ಣು ತೋರಿಸೋಣ ಬಾ ಅಂತ ಸುಳ್ಳು ಹೇಳಿ ಅರಸೀಕೆರೆಯಲ್ಲಿ ರೈಲು ಹತ್ತಿಸಿದೆ. ಆ ಸುಳ್ಳು ಹೇಳಬಾರದಿತ್ತು. ಅದರ ಫಲ ಮೊದಲ ಆಸ್ಪತ್ರೆಯಲ್ಲೇ ಸಿಕ್ಕಿತು.

ಅದೊಂದು ಖಾಸಗಿ ಆಸ್ಪತ್ರೆ. ಪರೀಕ್ಷೆ ಮಾಡಿದ ಹುಡುಗನ ಕೈಯಲ್ಲಿ ಇಂಗ್ಲಿಷ್ ಹಾಳೆ ಇತ್ತು. ಅದನ್ನು ನೋಡುತ್ತಾ, ಅಲ್ಲೇ ಕನ್ನಡ ಮಾಡಿಕೊಂಡು ಕೇಳುತ್ತಾ ಹೋದ. "ಇದು ಯಾವ ಋತು?" ಅಂದ. ಅವ್ವ ಸುಮ್ಮನೆ ಕೂತಳು. ಮಳೆಗಾಲವೋ ಚಳಿಗಾಲವೋ ಅಂದಿದ್ದರೆ ಹೇಳುತ್ತಿದ್ದಳು. ಯಾವ ಮಳೆ ನಡೀತಿದೆ ಅಂತ ಕೇಳಿದ್ದರೆ ಸ್ವಾತಿಯೋ ವಿಶಾಖೆಯೋ ಅಂತ ಅವನಿಗೇ ಪಾಠ ಹೇಳುತ್ತಿದ್ದಳು. "ನಾವು ಎಷ್ಟನೇ ಮಹಡಿಯಲ್ಲಿದ್ದೇವೆ?" ಲಿಫ್ಟಲ್ಲಿ ಜೀವಮಾನದಲ್ಲಿ ಮೊದಲ ಸಲ ಬಂದವಳು, ಬಾಗಿಲು ಮುಚ್ಚಿತು, ತೆರೆಯಿತು, ಅಷ್ಟೇ ಅವಳಿಗೆ ಗೊತ್ತು. ಕಿವಿ ಮಿಷನ್ನು ಊರಲ್ಲೇ ಉಳಿದಿತ್ತು. ಅವನು ನೆನಪಿಟ್ಟುಕೊಳ್ಳಿ ಅಂತ ಹೇಳಿದ ಪದಗಳಲ್ಲಿ ಅರ್ಧ ಅವಳಿಗೆ ಕೇಳಿಸಿಯೇ ಇರಲಿಲ್ಲ. ಜೊತೆಗೆ ಕಣ್ಣು ತೋರಿಸಲು ಬಂದವಳಿಗೆ ನೂರರಲ್ಲಿ ಏಳು ಕಳೆಯಿರಿ ಅಂತ ಯಾಕೆ ಕೇಳುತ್ತಿದ್ದಾರೆ ಅನ್ನುವ ಗಾಬರಿ ಬೇರೆ. 30ಕ್ಕೆ 14 ಬಂತು. ಒಳಗಿದ್ದ ಡಾಕ್ಟರು ಆ ಹಾಳೆ ನೋಡಿ ಒಂದೇ ನಿಮಿಷದಲ್ಲಿ "ಡಿಮೆನ್ಷಿಯಾ" ಅಂದರು. ಮಾತ್ರೆ ಬರೆದರು. ಮುಂದಿನ ಪೇಷೆಂಟನ್ನು ಕರೆದರು.

ಆ ಮಾತ್ರೆ ನಾನು ತರಲಿಲ್ಲ. ಮನೆಗೆ ಬಂದು ಅವ್ವನ ಮುಂದೆ ಕೂತು ನಿಜ ಹೇಳಿದೆ. "ಅವ್ವ, ನಿನಗೆ ಮರೆವು ಜಾಸ್ತಿ ಆಗ್ತಿದೆ ಅಂತ ನನಗೆ ಭಯ. ಅದನ್ನ ತೋರಿಸೋಕೇ ಕರ್ಕೊಂಡು ಬಂದಿದ್ದು." ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು: "ನಂಗೂ ಗೊತ್ತು ಮಗಾ. ಯಾರಿಗೆ ಹೇಳ್ಲಿ ಅಂತ ಸುಮ್ನಿದ್ದೆ."

ಆಮೇಲೆ ನಿಮ್ಹಾನ್ಸ್‌ಗೆ ಹೋದೆವು. ಈ ಸಲ ತಯಾರಾಗಿ ಹೋದೆವು. ಕಿವಿ ಮಿಷನ್ನಿಗೆ ಹೊಸ ಬ್ಯಾಟರಿ, ಕನ್ನಡಕ, ತಿನ್ನುತ್ತಿದ್ದ ಅಷ್ಟೂ ಮಾತ್ರೆ ಒಂದು ಚೀಲದಲ್ಲಿ. ಅವ್ವ ಹೊಟ್ಟೆ ತುಂಬಾ ಉಪ್ಪಿಟ್ಟು ತಿಂದಿದ್ದಳು, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಳು. ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಹಸಿದು, ನಿದ್ದೆಗೆಟ್ಟು, ಅರ್ಧ ಕೇಳಿಸುವ ಕಿವಿಯಲ್ಲಿ ಕೂತವರ ನೆನಪನ್ನು ಅಳೆದರೆ ಸಿಗುವುದು ಹಸಿವಿನ ಅಳತೆ, ಕಿವಿಯ ಅಳತೆ.

ಮೊದಲು ನನ್ನೊಬ್ಬಳನ್ನೇ ಕೂರಿಸಿ ಮುಕ್ಕಾಲು ಗಂಟೆ ಮಾತಾಡಿಸಿದರು. ಇದೂ ಪರೀಕ್ಷೆಯ ಭಾಗವೇ ಅಂತ ನನಗೆ ತಿಳಿದಿರಲಿಲ್ಲ. ಯಾವಾಗ ಶುರುವಾಯಿತು, ತಟ್ಟನೆ ಬಂತೋ ನಿಧಾನಕ್ಕೆ ಬಂತೋ, ಮೊದಲು ಹೋದದ್ದು ನೆನಪೋ, ಮಾತೋ, ದಾರಿಯೋ, ಸ್ವಭಾವವೋ. ದುಡ್ಡು ಎಣಿಸುತ್ತಾರಾ? ಮಾತ್ರೆ ತಾವೇ ತಗೊಳ್ತಾರಾ? ಒಬ್ಬರೇ ಸಂತೆಗೆ ಹೋಗಿ ಬರ್ತಾರಾ? ನಾನು "ತುಂಬಾ ಮರೆವು" ಅಂತ ಶುರುಮಾಡಿದರೆ ಡಾಕ್ಟರಮ್ಮ ಕೈ ಅಡ್ಡ ಹಿಡಿದು "ಒಂದು ಉದಾಹರಣೆ ಹೇಳಿ" ಅನ್ನುತ್ತಿದ್ದರು. ಬಸ್ಸಾರಿನ ಕತೆ ಹೇಳಿದೆ. ಅವರು ಪೂರ್ತಿ ಬರೆದುಕೊಂಡರು. ಇನ್ನು ಮೇಲೆ ಒಂದು ನೋಟ್‌ಬುಕ್ ಇಡಿ, ತಾರೀಕು ಹಾಕಿ ನಡೆದದ್ದನ್ನು ನಡೆದ ಹಾಗೆ ಬರೆಯಿರಿ ಅಂದರು.

ಆಮೇಲೆ ಅವ್ವನ ಸರದಿ. ಪರೀಕ್ಷೆ ಮಾಡುವ ಹುಡುಗಿ ನಮ್ಮ ಕಡೆಯ ಕನ್ನಡದವಳೇ. "ಬನ್ನಿ ಅಮ್ಮ, ಕಿವಿ ಕೇಳ್ತಿದೆಯಾ? ನನ್ನ ಮುಖ ಕಾಣ್ತಿದೆಯಾ?" ಅಂತ ಕೇಳಿ ಶುರುಮಾಡಿದಳು. ನನಗೆ ಹಿಂದಿನ ಕುರ್ಚಿ ತೋರಿಸಿ, ಏನೇ ಆದರೂ ಬಾಯಿ ಬಿಡಬೇಡಿ, ತಲೆಯನ್ನೂ ಆಡಿಸಬೇಡಿ ಅಂದಳು. ಅಲ್ಲಿ ಕೂತಿದ್ದು ನನಗೆ ನನ್ನ ಹತ್ತನೇ ಕ್ಲಾಸ್ ಪರೀಕ್ಷೆಗಿಂತ ಕಷ್ಟವಾಯಿತು. ಅವ್ವ ಉತ್ತರ ಹುಡುಕುವಾಗಲೆಲ್ಲ ಹಿಂದೆ ತಿರುಗಿ ನನ್ನ ಕಡೆ ನೋಡುತ್ತಿದ್ದಳು. ಡಿಮೆನ್ಷಿಯಾ ಇರುವವರು ಹೀಗೆ ಜೊತೆಗಿದ್ದವರ ಕಡೆ ತಿರುಗುವುದನ್ನೂ ಡಾಕ್ಟರುಗಳು ಗಮನಿಸುತ್ತಾರಂತೆ.

ಮೊದಲಿಗೆ 30 ಅಂಕದ ಸಣ್ಣ ಪರೀಕ್ಷೆ. ಇದರ ಮೂಲ 1975ರಲ್ಲಿ ಅಮೆರಿಕದಲ್ಲಿ ಬಂದದ್ದು, ಎಂಎಂಎಸ್‌ಇ ಅಂತ. ಓದು ಬರಹ ಕಡಿಮೆ ಇರುವವರಿಗೆ ಅದರಲ್ಲಿ ಸುಮ್‌ಸುಮ್ನೆ ಅಂಕ ಹೋಗುತ್ತದೆ. ಅದಕ್ಕೇ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬಾರದವರಿಗೂ ಹೊಂದುವ ಹಾಗೆ ಬದಲಾಯಿಸಿ ಹಿಂದಿ ರೂಪ ಮಾಡಿದರು, ಅದು 1995ರಲ್ಲಿ ಪ್ರಕಟವಾಯಿತು. ಈಚೆಗೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕಡೆಯಿಂದ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ, ಕನ್ನಡ ಐದರಲ್ಲೂ ಪರೀಕ್ಷೆಗಳ ಒಂದು ಕಟ್ಟೇ ತಯಾರಾಗಿದೆ. ಬರೀ ಪದ ಬದಲಾಯಿಸಿದರೆ ಸಾಲದು, ನಮ್ಮ ಜನರಲ್ಲಿ ಆರೋಗ್ಯವಾಗಿರುವವರು ಎಷ್ಟು ಅಂಕ ತೆಗೆಯುತ್ತಾರೆ ಅಂತಲೂ ನೋಡಿಟ್ಟುಕೊಂಡಿರಬೇಕು. ನಾಲ್ಕನೇ ಕ್ಲಾಸ್ ಓದಿದ ಅಜ್ಜಿಯನ್ನು ನಾಲ್ಕನೇ ಕ್ಲಾಸ್ ಓದಿದ ಅಜ್ಜಿಯರ ಜೊತೆಗೇ ಹೋಲಿಸಬೇಕು.

ಆ ದಿನ ಅವ್ವನಿಗೆ 21 ಬಂತು. ಅದೇ ಹೆಂಗಸು, ಅದೇ ಮೆದುಳು, ಮೂರು ವಾರದ ಅಂತರ. 14 ಹೋಗಿ 21.

ಅದರಲ್ಲೊಂದು ಪ್ರಶ್ನೆ, ನಿಮಗೆ ತೋಚಿದ ಒಂದು ವಾಕ್ಯ ಬರೆಯಿರಿ ಅಂತ. ಅವ್ವ ಪೆನ್ನು ಹಿಡಿದು ತುಂಬಾ ಹೊತ್ತು ಕೂತಳು. ಆಮೇಲೆ ಒತ್ತಕ್ಷರ ಬಿಟ್ಟು ಬರೆದಳು: "ಹಾಲು ಕರೆಯೋ ಹೊತಾಯಿತು." ಗಡಿಯಾರ ನೋಡಿದೆ. ಸಂಜೆ ನಾಲ್ಕೂವರೆ. ಊರಲ್ಲಿ ಹಾಲು ಕರೆಯುವ ಹೊತ್ತೇ ಆಗಿತ್ತು.

ದೊಡ್ಡ ಪರೀಕ್ಷೆ ಮರುದಿನ, ಎರಡು ಗಂಟೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳ್ತೀರಿ ಅಂದರು. ಅವ್ವ ಹುರುಪಿನಿಂದ ಹೊರಟಳು. ಹಸು, ಎಮ್ಮೆ, ಎತ್ತು, ಹೋರಿ, ಕೋಣ, ಕುರಿ, ಮೇಕೆ. ಅಲ್ಲಿಗೆ ಕೊಟ್ಟಿಗೆ ಮುಗಿಯಿತು. ಕಾಡಿಗೆ ಹೋಗಲು ದಾರಿ ಸಿಗಲಿಲ್ಲ. ಮತ್ತೆ ಹಸು, ಎಮ್ಮೆ. ಕೊನೆಗೆ "ಗೌರಿ" ಅಂದಳು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿದ್ದ ಹಸು ಅದು.

ಗಡಿಯಾರದ ಚಿತ್ರ ಬಿಡಿಸಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ದುಂಡಗೆ ವೃತ್ತ ಎಳೆದಳು, ರಂಗೋಲಿ ಹಾಕಿದ ಕೈಯಲ್ವಾ. ಅಂಕಿಗಳನ್ನೂ ಬರೆದಳು, ಒಂದು ಕಡೆ ಸ್ವಲ್ಪ ಇಕ್ಕಟ್ಟು. ಮುಳ್ಳು ಬಂತು ನೋಡಿ, ಒಂದನ್ನು 11ಕ್ಕೆ ಎಳೆದಳು, ಇನ್ನೊಂದನ್ನು 10ಕ್ಕೆ. ಹತ್ತು ನಿಮಿಷ ಅಂದರೆ ದೊಡ್ಡ ಮುಳ್ಳು 2ರ ಮೇಲಿರಬೇಕು. ಕಿವಿಗೆ ಬಿದ್ದ ಹತ್ತು ಅವಳ ಕೈಯನ್ನು 10ರ ಕಡೆಗೇ ಎಳೆದಿತ್ತು. ಹೇಳಿದ್ದನ್ನು ಮನಸ್ಸಿನಲ್ಲಿ ತಿರುಗಿಸಿ, ಯೋಜನೆ ಮಾಡಿ, ಕೈಗೆ ಕೊಡುವ ಕೆಲಸ ಇದೆಯಲ್ಲ, ಅದು ಸೋತಾಗ ಹೀಗಾಗುತ್ತದಂತೆ. ಬಸ್ಸಾರಿನ ಪಾತ್ರೆ ಹಿಡಿದು ನಿಂತಾಗಲೂ ಸೋತದ್ದು ಅದೇ ಇರಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ನನಗೆ ಅವ್ವನ ಮರೆವು ಅರ್ಥವಾದದ್ದು ಒಂದು ವಿಳಾಸದ ಪ್ರಶ್ನೆಯಲ್ಲಿ. ಒಂದು ಹೆಸರು, ಬೀದಿ, ಊರು ಹೇಳಿ, ಮೂರು ಸಲ ಅವಳ ಬಾಯಲ್ಲಿ ಹೇಳಿಸಿದರು. (ಆ ವಿಳಾಸವನ್ನು ಇಲ್ಲಿ ಬರೆಯುವುದಿಲ್ಲ. ಪರೀಕ್ಷೆಗೆ ಹೋಗುವವರಿಗೆ ಮನೆಯಲ್ಲಿ ಉರು ಹೊಡೆಸಿದರೆ ಪರೀಕ್ಷೆಯೇ ಕೆಟ್ಟಂತೆ, ದಯವಿಟ್ಟು ಹಾಗೆ ಮಾಡಬೇಡಿ.) ಮೂರನೇ ಸಲ ಅವ್ವ ಒಂದೂ ಬಿಡದೆ ಹೇಳಿದಳು. ನನಗೆ ಹಿಂದಿನಿಂದ ಚಪ್ಪಾಳೆ ತಟ್ಟುವಷ್ಟು ಖುಷಿ. ಆಮೇಲೆ ಬೇರೆ ಪ್ರಶ್ನೆಗಳಿಗೆ ಹೋದರು. ಸುಮಾರು ಕಾಲು ಗಂಟೆ ಕಳೆದು "ಅಮ್ಮ, ಆಗ ಒಂದು ವಿಳಾಸ ಹೇಳಿದ್ನಲ್ಲ, ಏನದು?" ಅಂದಳು ಹುಡುಗಿ.

"ವಿಳಾಸನಾ? ನೀನು ಯಾವ ವಿಳಾಸನೂ ಹೇಳ್ಲಿಲ್ವಲ್ಲ ಮಗಾ."

ತಪ್ಪು ಹೇಳಲಿಲ್ಲ, ಅರ್ಧ ಹೇಳಲಿಲ್ಲ. ಅಂಥದೊಂದು ನಡೆದೇ ಇಲ್ಲ ಅನ್ನುವಂತೆ ಹೇಳಿದಳು. ಹುಡುಗಿ ಸುಳಿವು ಕೊಟ್ಟಳು, ಮೂರು ಹೆಸರು ಹೇಳಿ ಇದರಲ್ಲಿ ಯಾವುದು ಅಂದಳು. ಅವ್ವ ಅಂದಾಜಿಗೆ ಒಂದನ್ನು ಆರಿಸಿದಳು. ತಪ್ಪಾಯಿತು.

ಇದನ್ನು ತಮ್ಮನಿಗೆ ನಾನು ವಿವರಿಸಿದ್ದು ಹೀಗೆ. ಕಣಜದಲ್ಲಿ ರಾಗಿ ಇದೆ, ಬಾಯಿ ಬಿಗಿದುಕೊಂಡಿದೆ ಅಂದುಕೊ. ಸ್ವಲ್ಪ ತಟ್ಟಿದರೆ ರಾಗಿ ಸುರಿಯುತ್ತೆ. ಬೇಜಾರಿನ ಕಾಯಿಲೆ, ಗಮನ ಇಲ್ಲದಿರುವುದು ಇಂಥದ್ದರಿಂದ ಬಂದ ಮರೆವಿಗೆ ಸುಳಿವು ಕೊಟ್ಟರೆ ಎಷ್ಟೋ ಸಲ ನೆನಪಾಗುತ್ತೆ. ಡಿಮೆನ್ಷಿಯಾ ತರುವ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಅಲ್ಝೈಮರ್‌ನಲ್ಲಿ ರಾಗಿ ಕಣಜಕ್ಕೆ ಸೇರುವುದೇ ಇಲ್ಲ. ಎಷ್ಟು ತಟ್ಟಿದರೂ ಇಲ್ಲದ್ದು ಬರುತ್ತಾ? ಹೊಸ ನೆನಪನ್ನು ಕಣಜಕ್ಕೆ ತುಂಬುವ ಕೆಲಸ ಮೆದುಳಿನ ಹಿಪ್ಪೊಕ್ಯಾಂಪಸ್ ಅನ್ನುವ ಭಾಗದ್ದು. ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈಹಾಕುವುದೇ ಅದರ ಸುತ್ತ. ಅದಕ್ಕೇ ಮೂವತ್ತು ವರ್ಷದ ಹಿಂದಿನ ಗೌರಿ ಉಳಿದಳು, ಕಾಲು ಗಂಟೆ ಹಿಂದಿನ ವಿಳಾಸ ಉಳಿಯಲಿಲ್ಲ.

ಆದರೂ ಡಾಕ್ಟರಮ್ಮ ಅವತ್ತೇ ಹೆಸರು ಇಡಲಿಲ್ಲ. ಮೊದಲು ಸರಿಮಾಡಬಹುದಾದದ್ದನ್ನು ಸರಿಮಾಡೋಣ ಅಂದರು. ಮಾತ್ರೆ ಚೀಲ ಮೇಜಿನ ಮೇಲೆ ಸುರಿಸಿ ಒಂದೊಂದೇ ನೋಡಿದರು. ತುರಿಕೆಗೆ ಅಂತ ಯಾವಾಗಲೋ ಶುರುಮಾಡಿ ದಿನಾ ರಾತ್ರಿ ನುಂಗುತ್ತಿದ್ದ ಹಳೇ ಕಾಲದ ಅಲರ್ಜಿ ಮಾತ್ರೆ ಸಿಕ್ಕಿತು. ಅದು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತದೆ, ನಿಲ್ಲಿಸಿ ಅಂದರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು. ಬಿ12 ಬರೀ 148 ಇತ್ತು, 200ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ನಾವು ಬಾಡೂಟ ತಿನ್ನುವವರು, ಬಿ12 ಯಾಕೆ ಕಡಿಮೆ ಅಂತ ಕೇಳಿದೆ. ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ತಿದ್ದಾರಲ್ಲ, ಬಹಳ ಕಾಲ ತಗೊಂಡರೆ ಅದು ಬಿ12 ಇಳಿಸಬಹುದು ಅಂದರು. ಮಾತ್ರೆ ನಿಲ್ಲಿಸಲು ಹೇಳಲಿಲ್ಲ, ಬಿ12 ಇಂಜೆಕ್ಷನ್ ಬರೆದರು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಇದೊಂದನ್ನು ಕೇಳಿ ನೋಡಿ, ದೊಡ್ಡ ಖರ್ಚಿನ ಪರೀಕ್ಷೆಯಲ್ಲ.

ಎಂಆರ್‌ಐ ಕೂಡ ಆಯಿತು. ತಲೆಯಲ್ಲಿ ಗಡ್ಡೆ, ಹೆಪ್ಪುಗಟ್ಟಿದ ರಕ್ತ, ನೀರು ತುಂಬಿರುವುದು ಏನೂ ಇರಲಿಲ್ಲ. ಹಿಪ್ಪೊಕ್ಯಾಂಪಸ್ ಎರಡೂ ಕಡೆ ಕುಗ್ಗಿತ್ತು.

ಮೂರು ತಿಂಗಳು ಕಳೆಯಿತು. ಅವ್ವ ಗೆಲುವಾದಳು. ಹಗಲು ತೂಕಡಿಸುವುದು ನಿಂತಿತು, ಕೈಕಾಲು ಜೋಮು ಕಡಿಮೆಯಾಯಿತು. ನನ್ನ ಆಸೆ ಗಗನಕ್ಕೇರಿತ್ತು. ಮತ್ತೆ ಸಣ್ಣ ಪರೀಕ್ಷೆ ಮಾಡಿದರು, 24 ಬಂತು. 24 ಅಂದರೆ ಎಷ್ಟೋ ಕಡೆ ಪಾಸು ಅಂತಲೇ ಹಿಡಿಯುವ ಗೆರೆ. ತಮ್ಮ ಫೋನಿನಲ್ಲೇ "ನಾನು ಹೇಳ್ಲಿಲ್ವಾ ಅಕ್ಕ" ಅಂದ.

ಡಾಕ್ಟರಮ್ಮ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ತೋರಿಸಿದರು. ಹಿಂದಿನ ಸಲ ಲೆಕ್ಕದಲ್ಲಿ ಹೋಗಿದ್ದ ಎರಡು ಅಂಕ ವಾಪಸ್ ಬಂದಿತ್ತು. ಇವತ್ತು ಯಾವ ವಾರ ಅನ್ನುವುದೂ ಸರಿಹೋಗಿತ್ತು. ಮಂಕು ಹರಿದಿತ್ತು. ಆದರೆ ಮೂರು ಪದ ನೆನಪಿಡುವ ಕಡೆ ಆಗಲೂ ಸೊನ್ನೆ, ಈಗಲೂ ಸೊನ್ನೆ. ವಿಳಾಸ ಮತ್ತೆ ಹೇಳಿಸಿದಾಗಲೂ ಹಾಗೇ. ಒಟ್ಟು ಎಷ್ಟು ಅನ್ನುವುದನ್ನು ನೋಡಿಕೊಂಡು ಸಮಾಧಾನ ಪಡಬೇಡಿ, ಎಲ್ಲಿ ಹೋಗ್ತಿದೆ ಅನ್ನುವುದನ್ನು ನೋಡಿ ಅಂದರು. ಜೊತೆಗೆ ಅಡುಗೆ, ದುಡ್ಡಿನ ಲೆಕ್ಕ ಎರಡರಲ್ಲೂ ಕೈ ತಪ್ಪಿದೆ. ಎಲ್ಲ ಸೇರಿಸಿ ನೋಡಿದರೆ ಅಲ್ಝೈಮರ್ ಕಾಯಿಲೆಯ ಆರಂಭದ ಹಂತ.

ಇದನ್ನು ಅವರು ನನ್ನ ಕಿವಿಯಲ್ಲಿ ಹೇಳಲಿಲ್ಲ. ಅವ್ವನೇ ಕೇಳಿದಳು, "ನಂದು ಮರೆವಿನ ಕಾಯ್ಲೇನಾ ಡಾಕ್ಟ್ರೇ?" ನಾನು ಬೇಡ ಅನ್ನುವಂತೆ ಕಣ್ಣು ಮಾಡಿದೆ. ಅವರು ನನ್ನನ್ನು ನೋಡಲೇ ಇಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಅವ್ವನ ಕೈ ಹಿಡಿದು "ಹೌದಮ್ಮ. ಈಗ ಶುರುವಲ್ಲಿದೆ. ನಿಧಾನಕ್ಕೆ ಜಾಸ್ತಿ ಆಗುತ್ತೆ. ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ. ಆದರೆ ಈಗ ನೀವು ಮಾಡಬಹುದಾದ್ದು ತುಂಬಾ ಇದೆ" ಅಂದರು. ಅವ್ವ ತುಂಬಾ ಹೊತ್ತು ಸುಮ್ಮನಿದ್ದು "ನಮ್ಮತ್ತೆಗೂ ಹಿಂಗೇ ಆಗಿತ್ತು, ನಾವು ಗಾಳಿ ಅಂದ್ಕಂಡಿದ್ವಿ" ಅಂದಳು.

ನಮ್ಮಜ್ಜಿಗೆ ತಾಯತ ಕಟ್ಟಿಸಿದ್ದು, ಕೋಳಿ ಕೊಯ್ದದ್ದು, ಕೊನೆಗೆ ಹೊರಗಿನಿಂದ ಬಾಗಿಲು ಹಾಕಿಡುತ್ತಿದ್ದದ್ದು ನನಗೂ ನೆನಪಿದೆ. ಜರ್ಮನಿಯ ಅಲೋಯಿಸ್ ಅಲ್ಝೈಮರ್ ಈ ಕಾಯಿಲೆಯ ವಿಷಯ ಮೊದಲು ಮಂಡಿಸಿದ್ದು 1906ರಲ್ಲಿ. ಎಂಬತ್ತು ವರ್ಷ ಕಳೆದ ಮೇಲೂ ನಮ್ಮ ಹಟ್ಟಿಗೆ ಆ ಸುದ್ದಿ ಬಂದಿರಲಿಲ್ಲ.

ನೆನಪಿಗೆ ಸ್ವಲ್ಪ ಆಸರೆ ಕೊಡುವ ಡೊನೆಪೆಜಿಲ್ ಅನ್ನುವ ಮಾತ್ರೆ ಶುರುವಾಯಿತು, 5 ಮಿಲಿಗ್ರಾಂ. ಅದು ಎದೆಬಡಿತ ನಿಧಾನ ಮಾಡಬಹುದು ಅಂತ ಮೊದಲೇ ಇಸಿಜಿ ತೆಗೆಸಿದರು. ರಾತ್ರಿ ಕೊಟ್ಟರೆ ಕೆಟ್ಟ ಕನಸು ಬಿದ್ದು ಎದ್ದು ಕೂರುತ್ತಿದ್ದಳು, ಕೇಳಿಕೊಂಡು ಬೆಳಿಗ್ಗೆಗೆ ಬದಲಾಯಿಸಿದೆವು. ಅಮೆರಿಕದಲ್ಲಿ 2023ರಲ್ಲಿ ಲೆಕನೆಮ್ಯಾಬ್ ಅನ್ನುವ ಔಷಧಿಗೆ ಪೂರ್ಣ ಒಪ್ಪಿಗೆ ಸಿಕ್ಕಿತು, ಅದರ ಬಗ್ಗೆಯೂ ಕೇಳಿದೆ. ಅದು ಆರಂಭದ ಹಂತದವರಿಗೆ ಮಾತ್ರ, ಕಾಯಿಲೆಯ ಓಟವನ್ನು ಸ್ವಲ್ಪ ನಿಧಾನ ಮಾಡುತ್ತದೆ, ಮೆದುಳಲ್ಲಿ ಊತ, ರಕ್ತಸ್ರಾವ ಆಗುವ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಅಲ್ಲೇ 2025ರ ಮೇ ತಿಂಗಳಲ್ಲಿ ಈ ಕಾಯಿಲೆ ಪತ್ತೆಗೆ ನೆರವಾಗುವ ಮೊದಲ ರಕ್ತ ಪರೀಕ್ಷೆಗೂ ಅನುಮತಿ ಸಿಕ್ಕಿದೆ, 55 ದಾಟಿ ಲಕ್ಷಣ ಇರುವವರಿಗೆ. ಇಂಥದ್ದೆಲ್ಲ ಬಂದ ಹಾಗೆ ಬೇಗ ಗೊತ್ತಾದವರಿಗೇ ಉಪಯೋಗ ಜಾಸ್ತಿ. ನಮ್ಮ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಅವ್ವನಂಥ ಹಳ್ಳಿ ಹೆಂಗಸರ ಮೆದುಳಿನ ಲೆಕ್ಕ ಅಲ್ಲಿ ಸಿಗುತ್ತಿದೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ನಮಗೆ ಬೇಗ ತಿಳಿದದ್ದರಿಂದ ಸಿಕ್ಕ ಅತಿ ದೊಡ್ಡ ಲಾಭ ಔಷಧಿಯದ್ದಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾಗಿದ್ದರೂ ಪೌತಿ ಖಾತೆ ಆಗಿರಲಿಲ್ಲ, ಜಮೀನು ಇನ್ನೂ ಅವರ ಹೆಸರಲ್ಲೇ ಇತ್ತು. ಅವ್ವ ಊರಿಗೆ ಹೋದವಳೇ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೊಲದ ಬದು ಎಲ್ಲಿಂದ ಎಲ್ಲಿಗೆ, ಬಾವಿಯಲ್ಲಿ ನಮ್ಮ ಪಾಲು ಎಷ್ಟು, ಯಾರಿಗೆ ಕೈಸಾಲ ಕೊಟ್ಟಿದ್ದಳು ಎಲ್ಲ ಹೇಳಿದಳು. ಹಳೇದೆಲ್ಲ ಗಟ್ಟಿಯಾಗಿತ್ತು. ತಮ್ಮ ಬರೆದುಕೊಂಡ. ಬುದ್ಧಿ ಸ್ಥಿಮಿತದಲ್ಲಿರುವಾಗ ಮಾಡಿದ ಉಯಿಲೇ ನಿಲ್ಲೋದು ಅಂತ ವಕೀಲರು ಹೇಳಿದ್ದರಿಂದ ಅದನ್ನೂ ಮಾಡಿಸಿದಳು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಅವರು "ಯಾರಾದ್ರೂ ಬಲವಂತ ಮಾಡಿದ್ರಾ ಅಜ್ಜಿ?" ಅಂದಾಗ "ನನ್ನ ಹೊಲ, ನನ್ನ ಮಕ್ಕಳು, ಯಾರ್ ಬಲವಂತ ಮಾಡ್ತಾರೆ?" ಅಂದಳು. ತನ್ನನ್ನು ಒಳಗೆ ಹಾಕಿ ಬಾಗಿಲು ಮುಚ್ಚಬೇಡಿ ಅಂತಲೂ ಹೇಳಿದಳು. ಅಜ್ಜಿ ಹೆಸರು ಎತ್ತಲಿಲ್ಲ. ಅದನ್ನೂ ತಮ್ಮ ಬರೆದುಕೊಂಡಿದ್ದಾನೆ.

ಈಗ ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಬರುತ್ತಾಳೆ. ಡಾಕ್ಟರಮ್ಮ ಹೇಳಿದ ನೋಟ್‌ಬುಕ್ ಊರಲ್ಲಿ ತಮ್ಮನ ಹೆಂಡತಿ ಬರೆಯುತ್ತಾಳೆ, ನನಗೆ ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಾಳೆ. ಹೋದ ಭಾನುವಾರದ್ದು ಇದು:

"ಬೆಳಿಗ್ಗೆ ಮಾತ್ರೆ ತಗೊಂಡ್ರು. ಮಾವ ಎಲ್ಲಿ ಅಂತ ಎರಡು ಸಲ ಕೇಳಿದ್ರು. ಬಸ್ಸಾರು ನಾನು ಮಾಡಿದೆ, ಸೊಪ್ಪು ಅವರು ಸೋಸಿಕೊಟ್ರು. ಹಸು ಕರು ಹಾಕಿದ್ದು ಸಾಯಂಕಾಲದವರೆಗೂ ನೆನಪಿತ್ತು. ಕಿವಿ ಮಿಷನ್ ಬ್ಯಾಟರಿ ಮುಗಿದಿದೆ, ಬರುವಾಗ ತನ್ನಿ ಅಕ್ಕ."